ಕೊಲ್ಲದೆ ಕಾಯುವ ಪಾಚಿ

ರೋಗಾಣು ಎಂದರೆ ಕೊಲ್ಲಬೇಕು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ನಾವು ಕಲಿತದ್ದು ಇಷ್ಟೆ. ಆಸ್ಟ್ರೇಲಿಯಾದ ಸಿಡ್ನಿ ಕರಾವಳಿಯ ‘ಡೆಲಿಸಿಯಾ ಪಲ್ಕ್ರಾ’ ಎಂಬ ಕೆಂಪು ಕಡಲಪಾಚಿಯ ವರಸೆ ಬೇರೆ. ಅದರೊಳಗಿನ ಫ್ಯೂರನೋನ್ ಎಂಬ ರಾಸಾಯನಿಕಗಳನ್ನು ವಿಜ್ಞಾನಿಗಳು 1977ರಲ್ಲೇ ಗುರುತಿಸಿದ್ದರೂ ಗುಟ್ಟು ಬಯಲಾದದ್ದು 1996ರಲ್ಲಿ. ಎಷ್ಟೋ ಬ್ಯಾಕ್ಟೀರಿಯಾಗಳು ರಾಸಾಯನಿಕ ಸಂಕೇತ ಕಳಿಸಿ ತಮ್ಮ ಸಂಖ್ಯೆ ಅರಿತು, ಗುಂಪು ದೊಡ್ಡದಾದ ಮೇಲೆಯೇ ದಾಳಿಗಿಳಿಯುತ್ತವೆ. ಫ್ಯೂರನೋನ್ ಆ ಸಂಕೇತವನ್ನೇ ಕೆಡಿಸುತ್ತದೆ. ಕೊಲ್ಲುವ ಬದಲು ಒಗ್ಗಟ್ಟು ಮುರಿಯುವುದು! (ನಮ್ಮ ರಾಜಕಾರಣಿಗಳಿಗೆ ಇದು ಮೊದಲೇ ಗೊತ್ತಿತ್ತು.) ಆಂಟಿಬಯೋಟಿಕ್‌ಗಳಿಗೆ ಬಗ್ಗದ ರೋಗಾಣುಗಳ ಕಾಲದಲ್ಲಿ ನಾವು ಆಸೆಪಟ್ಟದ್ದು ಸಹಜ. ಆದರೆ ಅವು ನಮ್ಮ ಜೀವಕೋಶಗಳಿಗೂ ವಿಷ. ಔಷಧಿಯಾಗಿ ಇನ್ನೂ ಕೈಗೆ ಬಂದಿಲ್ಲ. ಈ ನಡುವೆ 2011ರಲ್ಲಿ ಸಿಡ್ನಿಯಿಂದಲೇ ಬಂದ ಸುದ್ದಿ: ಕಡಲು ಬೆಚ್ಚಗಾದಾಗ ಪಾಚಿಯಲ್ಲಿ ಫ್ಯೂರನೋನ್ ಕುಗ್ಗುತ್ತದೆ, ಬ್ಯಾಕ್ಟೀರಿಯಾ ಒಳನುಗ್ಗಿ ಅದು ಬಿಳಿಚಿಕೊಳ್ಳುತ್ತದೆ.