ಕಾಲಾಣೆಯ ಗುಟ್ಟು

ಈಗಿನವರು ಅಂತರಜಾಲದಲ್ಲಿ ಮನೆಯ ಗುಟ್ಟನ್ನೆಲ್ಲ ಬಿಚ್ಚಿಡುತ್ತಾರೆಂದು ನನ್ನ ಓರಗೆಯವರು ದೂರುವುದುಂಟು. ಈ ದೂರು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಗುಟ್ಟನ್ನು ಕೊಟ್ಟು ಸೌಲಭ್ಯವನ್ನು ಕೊಳ್ಳುವ ವ್ಯಾಪಾರ ಹಳೆಯದು.

ಬ್ರಿಟಿಷ್ ಇಂಡಿಯಾದಲ್ಲಿ ಅಂಚೆ ಕಾರ್ಡು ಬಂದುದು 1879ರ ಜುಲೈ 1ರಂದು. ಲಕೋಟೆಯ ಕಾಗದಕ್ಕೆ ಅರ್ಧಾಣೆ, ಕಾರ್ಡಿಗೆ ಕಾಲಾಣೆ. ಉಳಿಸಿದ ಕಾಲಾಣೆಗೆ ಪ್ರತಿಯಾಗಿ ಜನ ಬಿಟ್ಟುಕೊಟ್ಟದ್ದು ಕಾಗದದ ಗುಟ್ಟನ್ನು. ಕಾರ್ಡನ್ನು ಅಂಚೆಯವನು ಓದಬಹುದು, ಜಗುಲಿಯ ಮೇಲೆ ಕುಳಿತ ನೆರೆಯವರು ಓದಬಹುದು. ಬರೆಯುವವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆದುದರಿಂದಲೇ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ತೊಡಗಿ, ಮಳೆ, ಬೆಳೆ, ಮಗುವಿನ ನಾಮಕರಣ ಇಷ್ಟನ್ನು ತಿಳಿಸಿ, ಸಾಲದ ಮಾತೋ ಸಂಬಂಧದ ಮಾತೋ ಬಂದೊಡನೆ ‘ಉಳಿದ ವಿಷಯ ಮುಖತಃ’ ಎಂದು ನಿಲ್ಲಿಸುತ್ತಿದ್ದರು. ಈ ಮೂರು ಪದಗಳ ಸಂಯಮವನ್ನು ನಮ್ಮ ಗದ್ಯದ ಚರಿತ್ರೆಕಾರರು ಗಮನಿಸಿದ್ದನ್ನು ನಾನು ಕಂಡಿಲ್ಲ.

ನೂರಿಪ್ಪತ್ತೈದು ವರ್ಷಗಳ ತರುವಾಯ, 2004ರ ಏಪ್ರಿಲ್ 1ರಂದು, ಅಮೆರಿಕೆಯ ಗೂಗಲ್ ಸಂಸ್ಥೆ ಜಿಮೇಲ್ ಎಂಬ ಹೊಸ ಅಂಚೆಯನ್ನು ಹೊರತಂದಿತು. ಇದಕ್ಕೆ ಕಾಲಾಣೆಯೂ ಬೇಡ. ಪ್ರತಿಯಾಗಿ, ಯಂತ್ರವು ಓಲೆಯೊಳಗಿನ ಮಾತುಗಳನ್ನು ಶೋಧಿಸಿ ಅವಕ್ಕೆ ಹೊಂದುವ ಜಾಹೀರಾತನ್ನು ಪಕ್ಕದಲ್ಲಿ ತೋರಿಸುತ್ತಿತ್ತು. ಜಾಹೀರಾತಿಗಾಗಿ ಹೀಗೆ ಮಾಡುವುದನ್ನು ನಿಲ್ಲಿಸುವುದಾಗಿ ಸಂಸ್ಥೆ ಪ್ರಕಟಿಸಿದ್ದು 2017ರಲ್ಲಿ. ಷರತ್ತೇನೋ ಗೋಪ್ಯವಾಗಿರಲಿಲ್ಲ. ಆದರೆ ಆ ಓಲೆ ಕಣ್ಣಿಗೆ ಅಂಟಿಸಿದ ಲಕೋಟೆಯಂತೆ ಕಾಣುತ್ತಿತ್ತು. ಸಾಲದ ಮಾತು ಬಂದಾಗ ಕೈ ತಡೆಯಲಿಲ್ಲ.

ಓಲೆಯನ್ನಾದರೂ ಇನ್ನೊಬ್ಬರಿಗೆಂದು ಬರೆಯುತ್ತೇವೆ. ಅಂತರಜಾಲದಲ್ಲಿ ಏನನ್ನಾದರೂ ಹುಡುಕುವಾಗ ನಮ್ಮೊಡನೆ ನಾವೇ ಮಾತನಾಡಿಕೊಂಡಂತೆ ಬರೆಯುತ್ತೇವೆ. 2006ರ ಆಗಸ್ಟಿನಲ್ಲಿ ಅಮೆರಿಕೆಯ ಎಒಎಲ್ ಸಂಸ್ಥೆ, ಸಂಶೋಧಕರ ಉಪಯೋಗಕ್ಕೆಂದು, ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ಹುಡುಕಿದ್ದ ಸುಮಾರು ಎರಡು ಕೋಟಿ ಪ್ರಶ್ನೆಗಳನ್ನು ಬಹಿರಂಗಪಡಿಸಿತು. ಹೆಸರುಗಳಿರಲಿಲ್ಲ, ಬದಲಿಗೆ ಅಂಕಿಗಳಿದ್ದವು. ಕೆಲವೇ ದಿನಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವರದಿಗಾರರು ಒಂದು ಅಂಕಿಯ ಕೆಳಗಿದ್ದ ಪ್ರಶ್ನೆಗಳ ಜಾಡು ಹಿಡಿದು ಒಬ್ಬ ಮಹಿಳೆಯ ಗುರುತು ಹಚ್ಚಿದರು. ಆಕೆಯ ಪ್ರಶ್ನೆಗಳಲ್ಲಿ ಹಲವು ಕಾಯಿಲೆಗಳ ಹೆಸರಿದ್ದವು. ಓದಿದವರು ಆಕೆಯನ್ನು ದೊಡ್ಡ ರೋಗಿಯೆಂದೇ ಬಗೆಯಬೇಕು. ವಾಸ್ತವವಾಗಿ ಆಕೆ ಅವನ್ನು ಹುಡುಕಿದ್ದು ಸ್ನೇಹಿತರ ಸಲುವಾಗಿ.

ಸಂಸ್ಥೆ ಕ್ಷಮೆ ಕೇಳಿ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ ಅದರ ಪ್ರತಿಗಳು ಯಾರು ಯಾರದೋ ಕೈ ಸೇರಿಯಾಗಿತ್ತು.