ಹಳೆಯ ಪಿಕಪ್ ನಡುಗುವುದೇಕೆ?

ಅಮೆರಿಕದಲ್ಲಿ ಸಿಗ್ನಲ್ ಬಳಿ ನಿಂತ ಹಳೆಯ ಪಿಕಪ್ ಗಡಗಡ ನಡುಗಿದರೆ ಹಲವರು ಮೊದಲು ದೂರುವುದು ಕಾರ್ಬ್ಯುರೇಟರನ್ನು. ಆದರೆ ಈ ನಡುಕಕ್ಕೂ ಒಂದು ಇತಿಹಾಸವಿದೆ.

1948ರಲ್ಲಿ ಫೋರ್ಡ್ ಕಂಪೆನಿಯ ಎಫ್-ಸರಣಿಯ ಪಿಕಪ್‌ಗಳು ಬಂದಾಗ ಬಾನೆಟ್ಟಿನ ಕೆಳಗೆ ರಬ್ಬರ್ ಕೊಳವೆಗಳು ಕಡಿಮೆ. 1970ರ ಶುದ್ಧ ಗಾಳಿ ಕಾಯ್ದೆಯ ನಂತರ ಚಿತ್ರ ಬದಲಾಯಿತು. ಹೊಗೆ ತಗ್ಗಿಸಲು ಅಳವಡಿಸಿದ ಸಾಧನಗಳಲ್ಲಿ ಹಲವು, ಪಿಸ್ಟನ್ನಿನ ಎಳೆತದಿಂದ ಉಂಟಾಗುವ ನಿರ್ವಾತದ ಬಲದಿಂದಲೇ ನಡೆಯುವಂಥವು. ಅವಕ್ಕಾಗಿ ಕೊಳವೆಗಳ ಜಾಲವೇ ಹಬ್ಬಿತು.

ವರ್ಷಗಳ ಶಾಖಕ್ಕೆ ಈ ಕೊಳವೆಗಳು ಬಿರುಕು ಬಿಡುತ್ತವೆ. ಬಿರುಕಿನಿಂದ ನುಗ್ಗಿದ ಗಾಳಿ ಪೆಟ್ರೋಲ್ ಮಿಶ್ರಣವನ್ನು ತೆಳುವಾಗಿಸುತ್ತದೆ. ಓಡುವಾಗ ಗೊತ್ತಾಗದ ಈ ಸೋರಿಕೆ, ಎಂಜಿನ್ ಅತ್ಯಲ್ಪ ಗಾಳಿ ಸೇವಿಸುವ ಐಡ್ಲಿಂಗ್‌ನಲ್ಲಿ ಎದ್ದು ಕಾಣುತ್ತದೆ.

ಪತ್ತೆಗೆ ನಿರ್ವಾತ ಮಾಪಕ ನೆರವಾಗುತ್ತದೆ. ಸಮುದ್ರಮಟ್ಟದ ಊರುಗಳಲ್ಲಿ ಮುಳ್ಳು 17ರಿಂದ 21 ಇಂಚು ಪಾದರಸದ ನಡುವೆ ಸ್ಥಿರವಾಗಿದ್ದರೆ ಕ್ಷೇಮ. ಅದಕ್ಕಿಂತ ಕೆಳಗೇ ನಿಂತರೆ ಸೋರಿಕೆ ಅಥವಾ ತಡವಾದ ಕಿಡಿ. ಒಂದೇ ಲಯದಲ್ಲಿ ಹೊಯ್ದಾಡಿದರೆ ಎಂಜಿನ್ ವಾಲ್ವಿನ ದೋಷವಿರಬಹುದು.

ಇಷ್ಟು ಪರೀಕ್ಷಿಸದೆ, ಎಲ್ಲಕ್ಕೂ ಹೊಗೆ ನಿಯಂತ್ರಕಗಳೇ ಕಾರಣವೆಂದು ಅವನ್ನೇ ಕಿತ್ತೆಸೆದವರುಂಟು. ಅಲ್ಲಿನ ಕಾನೂನಿಗೆ ಅದು ವಿರುದ್ಧ. ಊರಿನ ಗಾಳಿಗೂ ನಷ್ಟ. ಎಷ್ಟೋ ಬಾರಿ ಬದಲಿಸಬೇಕಾಗಿದ್ದುದು ಒಂದು ಗೇಣು ರಬ್ಬರ್ ಕೊಳವೆ ಮಾತ್ರ.