ನಿಧನ: ಸಾಮಗಾನದ ಕೊನೆಯಿಂದ ಪತ್ರಿಕೆಯ ಪುಟಕ್ಕೆ

ವೀರಶೈವ ಮಠಾಧಿಪತಿಗಳು ತೀರಿಕೊಂಡರೆ ಪತ್ರಿಕೆಗಳು ‘ಲಿಂಗೈಕ್ಯ’ ಎಂದು ಬರೆಯುತ್ತವೆ. ಮಾಧ್ವ ಯತಿಗಳಾದರೆ ‘ಬೃಂದಾವನಸ್ಥ’. ಮನೆಯವರು ಕೊಡುವ ಶ್ರದ್ಧಾಂಜಲಿ ಜಾಹೀರಾತುಗಳಲ್ಲಿ ಒಬ್ಬರು ಕೈಲಾಸವಾಸಿ, ಇನ್ನೊಬ್ಬರು ವೈಕುಂಠವಾಸಿ. ತೀರಿಕೊಂಡವರ ಮತ, ಪಂಥ ಆ ಒಂದು ಪದದಿಂದಲೇ ತಿಳಿದುಹೋಗುತ್ತದೆ. ಇದಾವುದನ್ನೂ ಹೇಳದ ಪದ ‘ನಿಧನ’. ಪಾದ್ರಿಗೂ ಮೌಲ್ವಿಗೂ, ದೇವರನ್ನೇ ನಂಬದ ವಿಚಾರವಾದಿಗೂ ಅದು ಸಲ್ಲುತ್ತದೆ. ಸೋಜಿಗವೆಂದರೆ, ಅದರ ಹಳೆಯ ಬಳಕೆಗಳಲ್ಲೊಂದು ಯಜ್ಞಶಾಲೆಯದು.

ಸಾಮಗಾನವನ್ನು ಭಾಗಗಳಾಗಿ ಹಂಚಿಕೊಂಡು ಹಾಡುವುದು ಪದ್ಧತಿ. ಪ್ರಸ್ತೋತೃ, ಉದ್ಗಾತೃ, ಪ್ರತಿಹರ್ತೃ ಎಂಬ ಮೂವರು ಋತ್ವಿಜರು ತಂತಮ್ಮ ಭಾಗ ಹಾಡಿದ ಮೇಲೆ, ಮುಕ್ತಾಯವನ್ನು ಮೂವರೂ ಒಟ್ಟಿಗೆ ಹಾಡುತ್ತಾರೆ. ಆ ಮುಕ್ತಾಯದ ಹೆಸರೇ ನಿಧನ. ಅಲ್ಲಿ ಸಾವಿನ ಸುಳಿವಿಲ್ಲ. ಛಾಂದೋಗ್ಯ ಉಪನಿಷತ್ತಿನ ಎರಡನೆಯ ಅಧ್ಯಾಯ ಮಳೆಯನ್ನೂ ಹೀಗೆಯೇ ಐದು ಭಾಗಗಳ ಗಾನವಾಗಿ ಕಾಣುತ್ತದೆ: ಮುಂಗಾಳಿ, ಮೋಡ, ಸುರಿಮಳೆ, ಗುಡುಗು ಮಿಂಚು, ಕೊನೆಗೆ ಮಳೆ ನಿಲ್ಲುವುದು. ಆ ನಿಲ್ಲುವುದೇ ನಿಧನ. ಅದೇ ಅಧ್ಯಾಯದಲ್ಲಿ ಸೂರ್ಯ ಮುಳುಗಿದ ಕೂಡಲೆಯ ಹೊತ್ತೂ ನಿಧನವೇ. ಆ ಹೊತ್ತು ಪಿತೃಗಳಿಗೆ ಸೇರಿದ್ದು ಎನ್ನುವಲ್ಲಿ ಪದ ಸಾವಿನ ಸಮೀಪಕ್ಕೆ ಬರುತ್ತದೆ.

‘ನಿ’ ಎಂದರೆ ಕೆಳಗೆ, ‘ಧಾ’ ಎಂದರೆ ಇಡು. ಕೆಳಗಿಡುವುದು, ನೆಲೆಗೊಳಿಸುವುದು ಎಂದು ಪದವನ್ನು ಬಿಡಿಸುತ್ತಾರೆ. ನೆಲದೊಳಗೆ ಹೂತಿಟ್ಟ ‘ನಿಧಿ’ ಇದೇ ಮನೆತನದ್ದು. ‘ನಿಧಾನ’ವೂ ಅಷ್ಟೆ. ಸಂಸ್ಕೃತದಲ್ಲಿ ಇಡುವುದು, ಭಂಡಾರ ಎಂಬ ಅರ್ಥವಿದ್ದ ಅದು ಕನ್ನಡದಲ್ಲಿ ಸಾವಕಾಶವಾಯಿತು. ಒಂದು ದೀರ್ಘ ತಪ್ಪಿದರೆ ನಿಧಾನ ನಿಧನವಾಗುವುದರಿಂದ ಕರಡು ತಿದ್ದುವವರಿಗೆ ಈ ಜೋಡಿಯ ಮೇಲೆ ಸದಾ ಕಣ್ಣು.

ಅಮರಕೋಶದ ವೇಳೆಗೆ ಸಾವಿನ ಅರ್ಥ ಗಟ್ಟಿಯಾಗಿತ್ತು. ಅಲ್ಲಿ ಮರಣಕ್ಕೆ ಕೊಟ್ಟಿರುವ ಹತ್ತು ಹೆಸರುಗಳಲ್ಲಿ ಕೊನೆಯದು ನಿಧನ. ಅದು ನಾಮಪದವಾದ್ದರಿಂದ ವ್ಯಾಕರಣದ ಪ್ರಕಾರ ‘ನಿಧನ ಹೊಂದಿದರು’ ಎನ್ನಬೇಕು. ‘ನಿಧನರಾದರು’ ಎಂಬುದು ‘ದಿವಂಗತರಾದರು’ ಎಂಬುದರ ಜಾಡಿನಲ್ಲಿ ಹುಟ್ಟಿದ ರೂಪ. ದಿವಂಗತ ಎಂದರೆ ಸ್ವರ್ಗಕ್ಕೆ ಹೋದವನು, ಅಂದರೆ ವ್ಯಕ್ತಿ, ನಿಧನ ವ್ಯಕ್ತಿಯಲ್ಲ. ಆದರೂ ತಪ್ಪು ರೂಪವೇ ಗೆದ್ದಿದೆ, ತಿದ್ದುವ ಕಾಲ ಮೀರಿದೆ.

ಮನೆಯಲ್ಲಿ ಮಾತ್ರ ಯಾರೂ ಅಜ್ಜ ನಿಧನರಾದರು ಎನ್ನುವುದಿಲ್ಲ. ತೀರಿಕೊಂಡರು ಎನ್ನುತ್ತಾರೆ. ತೀರುವುದೆಂದರೆ ಮುಗಿಯುವುದು, ಸಾಮಗಾನದವರು ನಿಧನ ಎಂದಾಗ ಹೇಳುತ್ತಿದ್ದುದೂ ಅದನ್ನೇ.